ಮೊಲದ ಬೇಟೆಗೆ ಏರ್ ರೈಫಲ್: .177 ತಗೊಳ್ಳಬೇಕಾ, .22 ತಗೊಳ್ಳಬೇಕಾ?

ಇಂಗ್ಲೆಂಡಿನ ಹಳ್ಳಿ ಕಡೆ ಮನೆ ಮಾಡಿಕೊಂಡು, ಏರ್ ರೈಫಲ್‌ನಲ್ಲಿ ಮೊಲದ ಬೇಟೆ ಶುರು ಮಾಡೋಣ ಅಂತ ಹೊರಟವರು ಅಂಗಡಿಗೆ ಕಾಲಿಟ್ಟ ಮೊದಲ ದಿನವೇ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. .177 ಬೇಕಾ, .22 ಬೇಕಾ? (ನಳಿಗೆಯ ಎರಡು ಅಳತೆ ಇವು.) ಕೌಂಟರಿನ ಹಿಂದೆ ಇರುವವರು ಒಂದು ಹೇಳುತ್ತಾರೆ. ಪಕ್ಕದಲ್ಲಿ ಪೆಲೆಟ್ (ಏರ್ ರೈಫಲ್‌ಗೆ ಹಾಕುವ ಸೀಸದ ಗುಂಡು) ಕೊಳ್ಳಲು ಬಂದ ಗಿರಾಕಿ ಅದಕ್ಕೆ ಉಲ್ಟಾ ಹೇಳುತ್ತಾರೆ. ಇಬ್ಬರೂ ಇಪ್ಪತ್ತು ಮೂವತ್ತು ವರ್ಷ ಹೊಡೆದವರೇ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಾನು ಶ್ರಾಪ್‌ಶೈರ್‌ನಲ್ಲಿ ಒಬ್ಬ ರೈತರ ಜಮೀನಿನಲ್ಲಿ ಎಂಟು ವರ್ಷದಿಂದ ಮೊಲ, ಹೆಗ್ಗಣ, ಕಾಡು ಪಾರಿವಾಳ ಹೊಡೆಯುತ್ತಿದ್ದೇನೆ. ಮೊದಲ ಮೂರು ವರ್ಷ .22 ಇತ್ತು. ಆಮೇಲೆ .177ಕ್ಕೆ ಬಂದೆ. ಈಗ ಎರಡೂ ಇವೆ, ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ಹೊಸದಾಗಿ ಕೊಳ್ಳುವವರು ನನ್ನ ಹಾಗೆ ಮೂರು ವರ್ಷ ಸುತ್ತಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಇದು ಇಂಗ್ಲೆಂಡಿನ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಮೊಲವೂ ಅದರ ರಕ್ಷಣೆಯಲ್ಲೇ ಬರುತ್ತದೆ. "ಏರ್‌ಗನ್ ತಾನೇ, ಏನಾಗುತ್ತೆ" ಅಂತ ತೋಟದ ಬೇಲಿ ಹತ್ತಿರ ಒಂದು ಮೊಲ ಹೊಡೆದರೂ ಅದು ಅಪರಾಧ. ಲೈಸೆನ್ಸ್ ಇಲ್ಲದೆ ಅಲ್ಲಿ ಸಿಗುವ .177 ರೈಫಲ್ ಇರುವುದು ಗುರಿ ಅಭ್ಯಾಸಕ್ಕೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ ಹತ್ತು ಮೀಟರ್ ಸ್ಪರ್ಧೆಯ ರೈಫಲ್ ಕೂಡ ಇದೇ .177. ಊರಲ್ಲಿ ಅದರಿಂದ ರಟ್ಟಿಗೆ ಹೊಡೆಯಿರಿ, ಡಬ್ಬಿಗೆ ಹೊಡೆಯಿರಿ. ಪ್ರಾಣಿಗೆ ಬೇಡ.

ಇಲ್ಲಿ ಪರಿಸ್ಥಿತಿ ಬೇರೆ. ಮೊಲ ಇಲ್ಲಿ ಬೆಳೆಗೆ ದೊಡ್ಡ ಪೀಡೆ. 1880ರ ಗ್ರೌಂಡ್ ಗೇಮ್ ಕಾಯ್ದೆಯೇ ಉಳುವ ರೈತನಿಗೆ ಮೊಲ ಹೊಡೆಯುವ ಹಕ್ಕು ಕೊಟ್ಟಿದೆ. ಆ ರೈತ ನಿಮಗೆ ಅನುಮತಿ ಕೊಟ್ಟರೆ ನೀವೂ ಹೊಡೆಯಬಹುದು. ಅನುಮತಿಯನ್ನು ಬರೆಸಿಕೊಳ್ಳಿ, ಬಾಯಿ ಮಾತು ಸಾಲದು. ಅನುಮತಿ ಇಲ್ಲದೆ ಇನ್ನೊಬ್ಬರ ಜಮೀನಿಗೆ ಏರ್ ರೈಫಲ್ ಹಿಡಿದು ಕಾಲಿಟ್ಟರೆ, ಒಂದೂ ಗುಂಡು ಹಾರಿಸದಿದ್ದರೂ, ಅದು ಆಯುಧ ಸಮೇತ ಅತಿಕ್ರಮಣ. ಕೊಳ್ಳಲು 18 ವರ್ಷ ಆಗಿರಬೇಕು. ಸ್ಕಾಟ್ಲೆಂಡ್‌ನಲ್ಲಿ 2016ರ ಡಿಸೆಂಬರ್ 31ರಿಂದ ಏರ್ ರೈಫಲ್‌ಗೂ ಪೊಲೀಸರ ಪ್ರಮಾಣಪತ್ರ ಬೇಕು, ಆದ್ದರಿಂದ ಗಡಿ ದಾಟಿ ಹೋಗುವವರು ಕಾರಿನ ಡಿಕ್ಕಿಯಲ್ಲಿ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಕ್ಯಾಲಿಬರ್ ವಿಷಯಕ್ಕೆ ಬರೋಣ.

ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಗಲ, ಅಷ್ಟೇ. .177 ಅಂದರೆ 4.5 ಮಿಲಿಮೀಟರ್. .20 ಅಂದರೆ 5. .22 ಅಂದರೆ 5.5. .25 ಅಂದರೆ 6.35. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು ಮತ್ತು ಮೂರನೆಯದು.

ಎಲ್ಲದಕ್ಕೂ ಮೊದಲು ತಲೆಗೆ ಹೋಗಬೇಕಾದ ವಿಷಯ ಶಕ್ತಿಯ ಮಿತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ 12 ಫುಟ್ ಪೌಂಡ್ ದಾಟುವ ಹಾಗಿಲ್ಲ. ಫುಟ್ ಪೌಂಡ್ ಅಂದರೆ ಪೆಲೆಟ್ ನಳಿಗೆಯಿಂದ ಹೊರಡುವಾಗಿನ ಶಕ್ತಿಯ ಅಳತೆ, ನಮ್ಮ ಲೆಕ್ಕದಲ್ಲಿ 16 ಜೂಲ್ ಚಿಲ್ಲರೆ. ಅಂಗಡಿಯಲ್ಲಿ ಸಿಗುವ ರೈಫಲ್‌ಗಳು 11, 11.5ರಲ್ಲಿ ಇರುತ್ತವೆ. .177 ತಗೊಂಡರೂ ಅಷ್ಟೇ, .22 ತಗೊಂಡರೂ ಅಷ್ಟೇ, .25 ತಗೊಂಡರೂ ಅಷ್ಟೇ. ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. ದೊಡ್ಡ ಕ್ಯಾಲಿಬರ್ ಅಂದರೆ ಜಾಸ್ತಿ ಶಕ್ತಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಸೇರು ಅಕ್ಕಿಯನ್ನು ದೊಡ್ಡ ಚೀಲಕ್ಕೆ ಹಾಕಿದರೂ ಅದು ಒಂದೇ ಸೇರು. ನೀವು ಆಯ್ಕೆ ಮಾಡುತ್ತಿರುವುದು ಆ ಶಕ್ತಿಯನ್ನು ಹಗುರ ಪೆಲೆಟ್‌ಗೆ ಕೊಟ್ಟು ಜೋರಾಗಿ ಓಡಿಸಬೇಕಾ, ಭಾರದ ಪೆಲೆಟ್‌ಗೆ ಕೊಟ್ಟು ನಿಧಾನ ಕಳಿಸಬೇಕಾ ಅನ್ನುವುದನ್ನು ಮಾತ್ರ.

ಲೆಕ್ಕ ಹಾಕಿ ನೋಡೋಣ. 11.5 ಫುಟ್ ಪೌಂಡ್ ರೈಫಲ್ ಅಂತ ಇಟ್ಟುಕೊಳ್ಳಿ. .177ರಲ್ಲಿ ಎಲ್ಲರೂ ಬಳಸುವ 8.44 ಗ್ರೇನ್ ಪೆಲೆಟ್ ನಳಿಗೆಯಿಂದ ಸೆಕೆಂಡಿಗೆ 780 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. .22ರಲ್ಲಿ 15.89 ಗ್ರೇನ್ ಪೆಲೆಟ್ 570 ಅಡಿ. .25ರಲ್ಲಿ 25 ಗ್ರೇನ್ ಪೆಲೆಟ್ 450 ಅಡಿ. ಗ್ರೇನ್ ಅಂದರೆ ಗ್ರಾಂ ಅಲ್ಲ, ನೆನಪಿರಲಿ. 15.89 ಗ್ರೇನ್ ಅಂದರೆ ಹೆಚ್ಚುಕಮ್ಮಿ ಒಂದು ಗ್ರಾಂ.

ನಿಧಾನ ಹೋದ ಪೆಲೆಟ್ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಜಾಸ್ತಿ ಹೊತ್ತು ಇದ್ದಷ್ಟೂ ಭೂಮಿ ಅದನ್ನು ಜಾಸ್ತಿ ಕೆಳಗೆ ಎಳೆಯುತ್ತದೆ. ಎಲ್ಲ ಜಗಳ ಇರುವುದು ಇಲ್ಲೇ.

ಆ ಸಂಜೆ ಏನಾಯಿತು

ನನ್ನ ಮೂರನೇ ಬೇಸಿಗೆ. ಜೂನ್ ತಿಂಗಳು, ರಾತ್ರಿ ಒಂಬತ್ತು ಗಂಟೆಗೂ ಬೆಳಕು ಇತ್ತು. ಬೇಲಿಯ ಬುಡದಲ್ಲಿ ಒಂದು ಮೊಲ ಹುಲ್ಲು ಮೇಯುತ್ತಾ ಕೂತಿತ್ತು, ಪಕ್ಕೆ ತೋರಿಸಿಕೊಂಡು. ನಾನು ಮಲಗಿಕೊಂಡು, ಬ್ಯಾಗಿನ ಮೇಲೆ ರೈಫಲ್ ಇಟ್ಟು, ಮೂವತ್ತು ಗಜ ಇರಬೇಕು ಅಂತ ಅಂದಾಜು ಮಾಡಿದೆ. ನನ್ನ .22 ಮೂವತ್ತು ಗಜಕ್ಕೆ ಝೀರೋ ಆಗಿತ್ತು, ಅಂದರೆ ಅಷ್ಟು ದೂರಕ್ಕೆ ಸ್ಕೋಪಿನ (ರೈಫಲ್ ಮೇಲಿನ ಗುರಿ ದುರ್ಬೀನಿನ) ಗೆರೆ ಎಲ್ಲಿದೆಯೋ ಪೆಲೆಟ್ ಅಲ್ಲಿಗೇ ಹೋಗುತ್ತದೆ. ಕಣ್ಣು ಮತ್ತು ಕಿವಿಯ ಬುಡದ ನಡುವೆ ಗೆರೆ ಇಟ್ಟು ಕುದುರೆ ಎಳೆದೆ. ಏಟು ಬಿದ್ದ ಸದ್ದು ಕೇಳಿಸಿತು. ಆದರೆ ಮೊಲ ಬೀಳಲಿಲ್ಲ. ಒಂದು ಸಲ ಹಾರಿ, ತಲೆ ವಾಲಿಸಿಕೊಂಡು ಬಿಲದ ಕಡೆ ಓಡಿತು. ಬಿಲದ ಬಾಯಲ್ಲೇ ಎರಡನೇ ಗುಂಡಿಗೆ ಸಿಕ್ಕಿತು, ಅದು ನನ್ನ ಅದೃಷ್ಟ. ಎತ್ತಿ ನೋಡಿದರೆ ಮೊದಲ ಪೆಲೆಟ್ ದವಡೆಗೆ ಹೊಡೆದಿತ್ತು. ಒಂದು ಅಡಿ ಮುಂದೆ ಹೋಗಿದ್ದರೂ ಬಿಲದೊಳಗೆ ಇಳಿದು, ಮೇವು ತಿನ್ನಲಾಗದೆ ದಿನಗಟ್ಟಲೆ ನರಳಿ ಸಾಯುತ್ತಿತ್ತು.

ಮೊಲ ಕೂತಿದ್ದ ಜಾಗದಿಂದ ನಾನು ಮಲಗಿದ್ದ ಜಾಗಕ್ಕೆ ಹೆಜ್ಜೆ ಹಾಕಿ ಅಳೆದೆ. ಮೂವತ್ತೈದು.

ಐದೇ ಗಜ ತಪ್ಪಿದ್ದು. ಮೂವತ್ತಕ್ಕೆ ಝೀರೋ ಆದ .22 ಮೂವತ್ತೈದಕ್ಕೆ ಸುಮಾರು 2.3 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅದೇ .177 ಆಗಿದ್ದರೆ ಸುಮಾರು 1 ಸೆಂಟಿಮೀಟರ್ ಮಾತ್ರ. ಮೊಲದ ತಲೆಯಲ್ಲಿ ಏಟು ಬಿದ್ದ ತಕ್ಷಣ ಪ್ರಾಣ ಹೋಗುವ ಮರ್ಮದ ಜಾಗ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಇರುತ್ತದೆ. ಆ ನಾಣ್ಯದ ಅಗಲ 27 ಮಿಲಿಮೀಟರ್. ನಡುಮಧ್ಯಕ್ಕೆ ಗುರಿ ಇಟ್ಟರೆ ಮೇಲೆ ಕೆಳಗೆ 1.35 ಸೆಂಟಿಮೀಟರ್ ಮಾತ್ರ ಅವಕಾಶ. 1 ಸೆಂಟಿಮೀಟರ್ ತಪ್ಪಿದರೆ ಇನ್ನೂ ನಾಣ್ಯದ ಒಳಗೇ ಇದ್ದೀರಿ. 2.3 ತಪ್ಪಿದರೆ ದವಡೆ.

ಐದರ ಬದಲು ಹತ್ತು ಗಜ ತಪ್ಪಿ ಮೊಲ ನಲವತ್ತರಲ್ಲಿ ಇದ್ದಿದ್ದರೆ .177 ಎರಡೂವರೆ ಸೆಂಟಿಮೀಟರ್, .22 ಐದೂವರೆ, .25 ಸುಮಾರು ಒಂಬತ್ತು ಸೆಂಟಿಮೀಟರ್ ಕೆಳಗೆ. ಹತ್ತಿರಕ್ಕೆ ಬಂದರೂ ಇದೇ ಕಥೆ. ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೂತಿರುವುದರಿಂದ ಪೆಲೆಟ್ ಕೆಳಗಿನಿಂದ ಮೇಲಕ್ಕೆ ಏರಿ, ಗೆರೆ ದಾಟಿ, ಮತ್ತೆ ಇಳಿಯುತ್ತದೆ. ಮೂವತ್ತಕ್ಕೆ ಝೀರೋ ಮಾಡಿದ .22 ಇಪ್ಪತ್ತು ಗಜದಲ್ಲಿ ಹತ್ತಿರ ಹತ್ತಿರ 2 ಸೆಂಟಿಮೀಟರ್ ಮೇಲೆ ಹೊಡೆಯುತ್ತದೆ. .177 ಅರ್ಧ ಸೆಂಟಿಮೀಟರೂ ಏರುವುದಿಲ್ಲ. ಅದಕ್ಕೇ ಇಲ್ಲಿ .22 ಇಟ್ಟುಕೊಂಡ ಅನುಭವಸ್ಥರು ಇಪ್ಪತ್ತೈದು ಗಜಕ್ಕೆ ಝೀರೋ ಮಾಡುತ್ತಾರೆ. ನನಗೆ ಆಗ ಅದು ಗೊತ್ತಿರಲಿಲ್ಲ.

ಇವು ನಿಮ್ಮ ರೈಫಲ್‌ನಲ್ಲಿ ಅಷ್ಟಿಷ್ಟು ಬದಲಾಗುತ್ತವೆ. ಸ್ಕೋಪ್ ಎತ್ತರ, ಪೆಲೆಟ್, ಶಕ್ತಿ, ಎಲ್ಲದರ ಮೇಲೂ ಹೋಗುತ್ತದೆ. ಆದರೆ .177 ಕಡಿಮೆ ಬೀಳುತ್ತದೆ, .22 ಜಾಸ್ತಿ ಬೀಳುತ್ತದೆ ಅನ್ನುವುದು ಬದಲಾಗುವುದಿಲ್ಲ. .177ರಲ್ಲಿ ಹನ್ನೆರಡು ಗಜದಿಂದ ಮೂವತ್ತೈದು ಗಜದ ತನಕ ಮೊಲ ಎಲ್ಲಿ ಕೂತಿದ್ದರೂ ನೇರ ಗುರಿ ಇಟ್ಟು ಹೊಡೆಯಬಹುದು. .22ರಲ್ಲಿ ದೂರ ಎಷ್ಟು ಅಂತ ಖಚಿತವಾಗಿ ಗೊತ್ತಿರಬೇಕು.

ಹಾಗಾಗಿ ಮೊದಲ ರೈಫಲ್ ಕೊಳ್ಳುವವರಿಗೆ, ಹೊಲದಲ್ಲಿ ಓಡಾಡಿ ಮೊಲ ಹೊಡೆಯುವವರಿಗೆ, ನಾನು .177 ಅಂತಲೇ ಹೇಳುತ್ತೇನೆ. ಸಂಜೆ ಬೆಳಕಿನಲ್ಲಿ, ಏರುತಗ್ಗಿನ ಹುಲ್ಲುಗಾವಲಿನಲ್ಲಿ, ಮನುಷ್ಯನ ಕಣ್ಣು ಐದು ಗಜ ತಪ್ಪುವುದು ತೀರಾ ಸಹಜ. ಆ ತಪ್ಪಿನ ಬೆಲೆ ಪ್ರಾಣಿ ಕೊಡಬಾರದು ಅಲ್ವಾ?

ಹಾಗಾದರೆ .22 ಯಾಕೆ ಇದೆ?

ಯಾಕೆಂದರೆ ಅದಕ್ಕೂ ಅದರದೇ ಗುಣ ಇದೆ, ಮತ್ತು ಸಣ್ಣ ಗುಣ ಅಲ್ಲ.

5.5 ಮಿಲಿಮೀಟರ್ ಪೆಲೆಟ್‌ನ ಮುಖದ ವಿಸ್ತಾರ 4.5ರದ್ದಕ್ಕಿಂತ ಒಂದೂವರೆ ಪಟ್ಟು. ನಿಧಾನ ಬರುತ್ತದೆ, ಅಗಲವಾಗಿ ಹೊಡೆಯುತ್ತದೆ, ತನ್ನ ಶಕ್ತಿಯನ್ನು ಪ್ರಾಣಿಯ ಮೈಯಲ್ಲೇ ಬಿಟ್ಟು ಅಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. .177 ಕೆಲವು ಸಲ ಸೂಜಿ ಹಾಕಿದ ಹಾಗೆ ಆಚೆ ಕಡೆಯಿಂದ ಹೊರಗೆ ಹೋಗಿಬಿಡುತ್ತದೆ, ಅದರಲ್ಲೂ ಹತ್ತಿರದಿಂದ ಹೊಡೆದಾಗ. ತಲೆಗೆ ಬಿದ್ದರೆ ಎರಡರಲ್ಲೂ ವ್ಯತ್ಯಾಸ ಕಾಣುವುದಿಲ್ಲ, ಮೊಲ ಕೂತಲ್ಲೇ ಮಲಗುತ್ತದೆ. ವ್ಯತ್ಯಾಸ ಕಾಣುವುದು ಹೆಗ್ಗಣದಂಥ ಸಣ್ಣ, ಹಟಮಾರಿ ಪ್ರಾಣಿಯಲ್ಲಿ.

ನಮ್ಮ ರೈತರ ದನದ ಕೊಟ್ಟಿಗೆಯಲ್ಲಿ ಚಳಿಗಾಲದ ರಾತ್ರಿ ಹೆಗ್ಗಣಕ್ಕೆ ಕೂರುತ್ತೇನೆ. ಅಲ್ಲಿ ನನ್ನ ಕೈಯಲ್ಲಿ ಯಾವಾಗಲೂ .22. ಕಾರಣ ಸರಳ. ನಾನು ಕೂರುವ ಹುಲ್ಲಿನ ಬೇಲ್ (ಒತ್ತಿ ಕಟ್ಟಿದ ಹುಲ್ಲಿನ ಕಟ್ಟು) ಎಲ್ಲಿದೆ, ಹೆಗ್ಗಣ ಬರುವ ಗೋಡೆಯ ಬುಡ ಎಲ್ಲಿದೆ ಎರಡೂ ಗೊತ್ತು. ಹದಿನಾಲ್ಕು ಗಜ. ಇವತ್ತೂ ಹದಿನಾಲ್ಕು, ನಾಳೆಯೂ ಹದಿನಾಲ್ಕು. ದೂರ ಗೊತ್ತಿರುವ ಕಡೆ .22ರ ಬಾಗಿದ ದಾರಿ ತೊಂದರೆಯೇ ಅಲ್ಲ. ಅದರ ಮೇಲೆ, ಕೊಟ್ಟಿಗೆಯಲ್ಲಿ ತಗಡಿದೆ, ಪೈಪಿದೆ, ಹಿಂದೆ ದನ ಇದೆ. ಹೆಗ್ಗಣದ ಮೈ ತೂರಿ ಆಚೆ ಹೋಗುವ ಪೆಲೆಟ್ ಅಲ್ಲಿ ಬೇಡವೇ ಬೇಡ. .22ಕ್ಕೂ ಹಿಂದೆ ಹುಲ್ಲಿನ ಬೇಲ್ ಅಥವಾ ಮಣ್ಣಿನ ಗೋಡೆ ಇರಲೇಬೇಕು, ಆದರೆ ಅಪಾಯ ಕಡಿಮೆ.

ಇನ್ನೊಂದು ಚಿಕ್ಕ ವಿಷಯ, ಆದರೆ ಜನವರಿಯಲ್ಲಿ ಚಿಕ್ಕದಲ್ಲ. ಸೊನ್ನೆ ಡಿಗ್ರಿಯಲ್ಲಿ ಬೆರಳು ಮರಗಟ್ಟಿದಾಗ .177 ಪೆಲೆಟ್ ಹಿಡಿಯುವುದು ಸಾಸಿವೆ ಕಾಳು ಹೆಕ್ಕಿದ ಹಾಗೆ. ಅರ್ಧ ನೆಲಕ್ಕೆ ಬೀಳುತ್ತವೆ. .22 ಪೆಲೆಟ್ ಬೆರಳಿಗೆ ಸಿಗುತ್ತದೆ.

ಇಲ್ಲಿಯ ಹಳಬರು "ರೆಕ್ಕೆಗೆ 177, ತುಪ್ಪಳಕ್ಕೆ 22" ಅನ್ನುವ ಅರ್ಥದ ಒಂದು ಮಾತು ಹೇಳುತ್ತಾರೆ. ಹಕ್ಕಿಗೆ ಸಣ್ಣದು, ಪ್ರಾಣಿಗೆ ದೊಡ್ಡದು ಅಂತ. ಕೇಳಲು ಚೆನ್ನಾಗಿದೆ, ಆದರೆ ಅದನ್ನೇ ನಂಬಿ ರೈಫಲ್ ಕೊಳ್ಳಬೇಡಿ. ಕಣ್ಣಳತೆಯಲ್ಲೇ ದೂರ ಅಂದಾಜು ಮಾಡುತ್ತಾ ಹೊಲ ಸುತ್ತುವವನಿಗೆ ತುಪ್ಪಳದ ಪ್ರಾಣಿಯಾದರೂ .177 ವಾಸಿ. ನಾನಂತೂ ಪ್ರಾಣಿ ಯಾವುದು ಅನ್ನುವುದಕ್ಕಿಂತ ಮೊದಲು, ದೂರ ಗೊತ್ತಾ ಇಲ್ಲವಾ ಅಂತ ಕೇಳಿಕೊಳ್ಳುತ್ತೇನೆ.

ಒಂದೊಂದು ಪ್ರಾಣಿಗೆ ಒಂದೊಂದು ಮಾತು

ಮೊಲದ ಬಗ್ಗೆ ಹೇಳಿಯಾಯಿತು: ತಲೆ, ತಲೆ ಮಾತ್ರ. ಎದೆಗೆ ಹೊಡೆದರೆ 12 ಫುಟ್ ಪೌಂಡ್‌ನಲ್ಲಿ ಬಹಳ ಸಲ ಓಡಿ ಬಿಲ ಸೇರುತ್ತದೆ. ಕಣ್ಣು ಊದಿಕೊಂಡು, ಪಕ್ಕದಲ್ಲಿ ನಡೆದರೂ ಓಡದೆ ಕೂತ ಮೊಲ ಕಂಡರೆ ಅದಕ್ಕೆ ಮಿಕ್ಸೊಮಟೋಸಿಸ್ ರೋಗ ಬಂದಿರುತ್ತದೆ. 1953ರಲ್ಲಿ ಈ ದೇಶಕ್ಕೆ ಬಂದ ರೋಗ, ಇನ್ನೂ ಹೋಗಿಲ್ಲ. ಅಂಥದ್ದನ್ನು ಹೊಡೆದು ನೋವಿನಿಂದ ಬಿಡಿಸಿ, ಅಡುಗೆಮನೆಗೆ ಮಾತ್ರ ತರಬೇಡಿ.

ಕಾಡು ಪಾರಿವಾಳ ಮೋಸ ಮಾಡುವ ಹಕ್ಕಿ. ನೋಡಲು ಮೆತ್ತಗೆ, ಆದರೆ ಎದೆಯ ಗರಿ ದಟ್ಟ, ಅದರ ಕೆಳಗೆ ಗಂಟಲಚೀಲದ ತುಂಬಾ ಗೋಧಿ ಅಥವಾ ಬಟಾಣಿ. ಎದುರಿನಿಂದ ಎದೆಗೆ ಹೊಡೆದರೆ ಪೆಲೆಟ್ ಆ ಕಾಳಿನ ಚೀಲದಲ್ಲೇ ನಿಂತು, ಹಕ್ಕಿ ಗರಿ ಉದುರಿಸಿಕೊಂಡು ಹಾರಿ ಹೋಗಿ ಎಲ್ಲೋ ಬಿದ್ದು ಸಾಯುತ್ತದೆ. ತಲೆ, ಇಲ್ಲದಿದ್ದರೆ ಬೆನ್ನ ಕಡೆಯಿಂದ ರೆಕ್ಕೆಗಳ ನಡುವೆ, ಎತ್ತರಕ್ಕೆ. ಮರದ ಮೇಲೆ ಕೂತ ಹಕ್ಕಿಯ ದೂರ ಅಂದಾಜು ಮಾಡುವುದು ಇನ್ನೂ ಕಷ್ಟ, ಆದ್ದರಿಂದ ಇಲ್ಲಿಯೂ .177ಕ್ಕೇ ನನ್ನ ಓಟು. ಇಂಗ್ಲೆಂಡಿನಲ್ಲಿ ಪಾರಿವಾಳ ಹೊಡೆಯುವುದು ಬೆಳೆ ಉಳಿಸುವುದಕ್ಕೆ ಅಂತ ಕೊಟ್ಟಿರುವ ಜಿಎಲ್ 42 ಅನ್ನುವ ಜನರಲ್ ಲೈಸೆನ್ಸ್ ಕೆಳಗೆ. ಅರ್ಜಿ ಹಾಕಬೇಕಾಗಿಲ್ಲ, ಆದರೆ ಅದರ ಷರತ್ತು ಓದಿರಬೇಕು, ಪಾಲಿಸಬೇಕು. ಸುಮ್ನೆ ಮಜಾಕ್ಕೆ ಹೊಡೆಯುವಂತಿಲ್ಲ.

ಬೂದು ಅಳಿಲು ನಮ್ಮ ಮೂರು ಗೆರೆಯ ಅಳಿಲಲ್ಲ. ಇದು ಅಮೆರಿಕದಿಂದ ತಂದು 1876ರಲ್ಲಿ ಚೆಷೈರ್‌ನಲ್ಲಿ ಬಿಟ್ಟದ್ದು, ಈಗ ದೇಶ ತುಂಬಿದೆ. ಎಳೆ ಮರದ ತೊಗಟೆ ಸುಲಿದು ಮರವನ್ನೇ ಸಾಯಿಸುತ್ತದೆ. ಗಟ್ಟಿ ಜೀವ. ತಲೆಗೆ ಬೀಳದಿದ್ದರೆ ಕೊಂಬೆ ಹಿಡಿದುಕೊಂಡೇ ಒಳಗೆ ಸೇರಿಬಿಡುತ್ತದೆ. ಅಳಿಲಿಗೆ ಕಾಳಿನ ಡಬ್ಬಿ ಕಟ್ಟಿ, ಗೊತ್ತಿರುವ ದೂರದಲ್ಲಿ ಕಾದು ಕೂತರೆ .22 ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಡಿನಲ್ಲಿ ಅಲೆದು ಹೊಡೆಯುವುದಾದರೆ .177. ಕೆಂಪು ಅಳಿಲಿಗೆ ಕೈ ಹಾಕಬೇಡಿ, ಅದು ಇಲ್ಲಿಯ 1981ರ ವನ್ಯಜೀವಿ ಕಾಯ್ದೆಯಲ್ಲಿ ಪೂರ್ತಿ ರಕ್ಷಿತ. ಕಂಬ್ರಿಯಾ, ನಾರ್ದಂಬರ್ಲೆಂಡ್ ಕಡೆ ಇರುವವರು ಕೆಂಪು ಯಾವುದು ಬೂದು ಯಾವುದು ಅಂತ ನೂರಕ್ಕೆ ನೂರು ಖಾತ್ರಿ ಆಗದೆ ರೈಫಲ್ ಎತ್ತಬಾರದು. ಬೂದು ಅಳಿಲಿನ ಬೆನ್ನಲ್ಲೂ ಬೇಸಿಗೆಯಲ್ಲಿ ಕೆಂಪು ಛಾಯೆ ಕಾಣುತ್ತದೆ.

ಉಳಿದ ಎರಡು ಕ್ಯಾಲಿಬರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. .20 ಒಳ್ಳೆಯ ನಡುದಾರಿ, ಆದರೆ ಅಂಗಡಿಯಲ್ಲಿ ಪೆಲೆಟ್ ಹುಡುಕುವುದೇ ಕೆಲಸ ಆಗುತ್ತದೆ. .25 ಈ ಶಕ್ತಿಯ ಮಿತಿಯಲ್ಲಿ ಇಪ್ಪತ್ತು ಗಜದ ಒಳಗಿನ ಹೆಗ್ಗಣಕ್ಕೆ ಬಲವಾದ ಏಟು ಕೊಡುತ್ತದೆ, ಆಚೆಗೆ ಕಲ್ಲು ಎಸೆದ ಹಾಗೆ. ಪೊಲೀಸ್ ಪ್ರಮಾಣಪತ್ರ ತಗೊಂಡು 30, 40 ಫುಟ್ ಪೌಂಡ್ ರೈಫಲ್ ಇಟ್ಟುಕೊಂಡವರಿಗೆ .25 ಬೇರೆಯೇ ಲೋಕ. ಅವರಿಗೆ ಈ ಬರಹ ಬೇಕಾಗಿಲ್ಲ.

ರೈಫಲ್ ಯಾವ ಜಾತಿಯದು?

ಇದು ಕ್ಯಾಲಿಬರ್ ಪ್ರಶ್ನೆಗೆ ಅಂಟಿಕೊಂಡೇ ಬರುತ್ತದೆ. ಸ್ಪ್ರಿಂಗ್ ರೈಫಲ್ ಆದರೆ, ವೈಹ್ರಾಖ್ ಎಚ್‌ಡಬ್ಲ್ಯೂ 95, ಎಚ್‌ಡಬ್ಲ್ಯೂ 97, ಏರ್ ಆರ್ಮ್ಸ್ ಟಿಎಕ್ಸ್ 200 ಇಂಥವು, ಒಳಗೆ ದಪ್ಪ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಹಿಂದಕ್ಕೂ ಮುಂದಕ್ಕೂ ಕುಲುಕಾಡುತ್ತದೆ. ಗಟ್ಟಿಯಾಗಿ ಹಿಡಿದರೆ ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ ಹೊಡೆಯುತ್ತದೆ. ಪ್ರತಿ ಸಲ ಒಂದೇ ತರಹ ಹಗುರವಾಗಿ, ಅಂಗೈ ಮೇಲೆ ಇಟ್ಟ ಹಾಗೆ ಹಿಡಿಯಬೇಕು. ಅಭ್ಯಾಸಕ್ಕೆ ತಿಂಗಳುಗಳೇ ಬೇಕು. ಸ್ಪ್ರಿಂಗ್ ರೈಫಲ್‌ನಲ್ಲಿ .22ರ ಕುಲುಕಾಟ .177ಕ್ಕಿಂತ ಮೆತ್ತಗೆ ಅನ್ನಿಸುತ್ತದೆ, ಅದಕ್ಕೇ ಸ್ಪ್ರಿಂಗ್ ಪ್ರಿಯರು .22 ಬಿಟ್ಟುಕೊಡುವುದಿಲ್ಲ. ನೀವು ಸ್ಪ್ರಿಂಗ್ ರೈಫಲ್ ಕೊಂಡು, ಇಪ್ಪತ್ತೈದು ಗಜದ ಒಳಗೇ ಹೊಡೆಯುತ್ತೇನೆ ಅಂತ ನಿಮಗೆ ನೀವೇ ಗೆರೆ ಎಳೆದುಕೊಂಡರೆ .22ಕ್ಕೆ ನನ್ನ ತಕರಾರಿಲ್ಲ.

ಪಿಸಿಪಿ ಅಂದರೆ ಮೊದಲೇ ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟ ರೈಫಲ್. ಕುಲುಕಾಟ ಇಲ್ಲವೇ ಇಲ್ಲ. ಎಚ್‌ಡಬ್ಲ್ಯೂ 100, ಏರ್ ಆರ್ಮ್ಸ್ ಎಸ್ 510 ಈ ಸಾಲಿನವು. ಇದರಲ್ಲಿ .177ರ ನೇರ ಓಟದ ಪೂರ್ತಿ ಲಾಭ ಸಿಗುತ್ತದೆ. ಒಂದು ನಷ್ಟ: ಒಂದೇ ಸಲ ತುಂಬಿದ ಗಾಳಿಗೆ .22ರಲ್ಲಿ ಜಾಸ್ತಿ ಗುಂಡು ಸಿಗುತ್ತವೆ, .177ರಲ್ಲಿ ಕಡಿಮೆ. ಮೊಲದ ಬೇಟೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಸಂಜೆಗೆ ಐದಾರು ಗುಂಡು ಹಾರಿಸಿದರೆ ಅದೇ ದೊಡ್ಡದು.

ಕೊಳ್ಳುವ ಮೊದಲು, ಕೊಂಡ ಮೇಲೆ

ಇಲ್ಲಿ ಹತ್ತಿರದ ಏರ್‌ಗನ್ ಕ್ಲಬ್‌ಗೆ ಹೋದರೆ ಯಾರಾದರೂ ತಮ್ಮ ರೈಫಲ್ ಕೈಗೆ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಎರಡೂ ಕ್ಯಾಲಿಬರ್ ಹೊಡೆದು ನೋಡಿ. ಒಂದು ರಟ್ಟಿನ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು ಪೆನ್ನಿನಲ್ಲಿ ಸುತ್ತು ಹಾಕಿ, ಅಂಥ ಆರು ವೃತ್ತ ಮಾಡಿ. ಹದಿನೈದು ಗಜದಲ್ಲಿ ನಿಲ್ಲಿಸಿ ಐದು ಗುಂಡು ಹೊಡೆಯಿರಿ. ಐದಕ್ಕೆ ಐದೂ ವೃತ್ತದೊಳಗೆ ಬಿದ್ದರೆ ಐದು ಗಜ ಹಿಂದೆ ಬನ್ನಿ. ಒಂದು ಹೊರಗೆ ಬಿದ್ದರೂ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಐದು ಗಜ ಹತ್ತಿರದ್ದು ನಿಮ್ಮ ಬೇಟೆಯ ಕೊನೆಯ ದೂರ. ಮಲಗಿ, ಕೂತು, ಮಂಡಿಯೂರಿ, ನಿಂತು, ನಾಲ್ಕೂ ಭಂಗಿಯಲ್ಲಿ ಬೇರೆ ಬೇರೆ ಮಾಡಿ. ಮಲಗಿ ನನ್ನ ದೂರ ಮೂವತ್ತೈದು ಗಜ. ನಿಂತು ಬರೀ ಹದಿನೆಂಟು. ನಿಂತುಕೊಂಡು ಹತ್ತೊಂಬತ್ತನೇ ಗಜದಲ್ಲಿ ಇರುವ ಮೊಲಕ್ಕೆ ನಾನು ರೈಫಲ್ ಎತ್ತುವುದಿಲ್ಲ. ಎಂಟು ವರ್ಷ ಆಯಿತು, ಈ ನಿಯಮ ಮುರಿದಾಗಲೆಲ್ಲ ತಪ್ಪಿದ್ದೇನೆ.

ಮೊದಲು ದೂರ ಅಳೆಯುವ ಮಾತು. ಲೇಸರ್ ರೇಂಜ್‌ಫೈಂಡರ್ ಇದ್ದರೆ ಒಳ್ಳೆಯದು, ಆಗ .22ರ ಮುಖ್ಯ ದೋಷ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಮಧ್ಯಾಹ್ನವೇ ಹೋಗಿ, ನೀವು ಕೂರುವ ಜಾಗದಿಂದ ಬೇಲಿಯ ಕಂಬ, ಮುಳ್ಳುಗಿಡ, ಗೇಟು ಎಷ್ಟೆಷ್ಟು ದೂರ ಅಂತ ಹೆಜ್ಜೆ ಹಾಕಿ ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಆ ದವಡೆ ಏಟಿನ ಮಾರನೇ ದಿನ ಮಾಡಿದ ಮೊದಲ ಕೆಲಸ ಅದೇ.

ಪೆಲೆಟ್ ಬಗ್ಗೆ. ಬೇಟೆಗೆ ಗುಂಡುತಲೆಯದ್ದೇ ಇರಲಿ. ಚೂಪುತಲೆ, ತೂತುತಲೆ ಅಂತ ಡಬ್ಬಿಯ ಮೇಲೆ ಏನೇನೋ ಬರೆದಿರುತ್ತಾರೆ, ಮೂವತ್ತು ಗಜದಲ್ಲಿ ಅವು ಗುಂಡುತಲೆಯಷ್ಟು ಒಂದೇ ಕಡೆ ಬೀಳುವುದಿಲ್ಲ. ಜೆಎಸ್‌ಬಿ, ಏರ್ ಆರ್ಮ್ಸ್, ಎಚ್ ಅಂಡ್ ಎನ್, ಮೂರರದ್ದೂ ಒಂದೊಂದು ಡಬ್ಬಿ ತಂದು ಹೊಡೆದು ನೋಡಿ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗೂ ಬೇರೆ ಬೇರೆ ಪೆಲೆಟ್ ಒಗ್ಗುತ್ತದೆ. ಅದರಲ್ಲೂ 4.51, 4.52 ಮಿಲಿಮೀಟರ್ ಅಂತ ಕೂದಲೆಳೆಯ ವ್ಯತ್ಯಾಸದಲ್ಲಿ ಬರುತ್ತವೆ, ನನ್ನ .177ಕ್ಕೆ 4.52 ಹಾಕಿದರೆ ಗುಂಡುಗಳು ಬೀಳುವ ವೃತ್ತ ಅರ್ಧಕ್ಕೆ ಇಳಿಯುತ್ತದೆ. ಒಗ್ಗಿದ್ದು ಸಿಕ್ಕಿದ ಮೇಲೆ ಅದೇ ಬ್ಯಾಚಿನ ನಾಲ್ಕೈದು ಡಬ್ಬಿ ತಂದಿಟ್ಟುಕೊಳ್ಳಿ. ಭಾರದ ಪೆಲೆಟ್ ಹಾಕಿದಾಗ ಪಿಸಿಪಿಯಲ್ಲಿ ಶಕ್ತಿ ಸ್ವಲ್ಪ ಏರಬಹುದು. 12 ದಾಟಿದರೆ ಗೊತ್ತಿಲ್ಲದೆಯೇ ಕಾನೂನು ಮುರಿದಂತೆ, ಆದ್ದರಿಂದ ಪೆಲೆಟ್ ಬದಲಿಸಿದಾಗ ಕ್ಲಬ್ಬಿನ ಕ್ರೋನೋಗ್ರಾಫ್‌ನಲ್ಲಿ ವೇಗ ಅಳೆಸಿಕೊಳ್ಳಿ. ಪೆಲೆಟ್ ಸೀಸದ್ದು, ಬಾಯಲ್ಲಿ ಇಟ್ಟುಕೊಳ್ಳಬೇಡಿ, ಊಟಕ್ಕೆ ಮುಂಚೆ ಕೈ ಸೋಪು ಹಾಕಿ ತೊಳೆಯಿರಿ.

ಹೊಡೆಯುವ ಮೊದಲು ಮೊಲದ ಹಿಂದೆ ಏನಿದೆ ಅಂತ ನೋಡಿ. ಮಣ್ಣಿನ ದಿಬ್ಬ ಇದ್ದರೆ ಸರಿ. ಆಕಾಶ ಕಂಡರೆ ಬೇಡ. ಪೆಲೆಟ್ ನಿಮಗೆ ಅನುಮತಿ ಇರುವ ಜಮೀನಿನ ಗಡಿ ದಾಟಿ ಆಚೆ ಹೋದರೆ ಅದೂ ಅಪರಾಧ, .177 ಆದರೂ .22 ಆದರೂ.

ಈಗ ನನ್ನ .177ರ ಬಟ್ಟಿನ (ಭುಜಕ್ಕೆ ಒತ್ತಿ ಹಿಡಿಯುವ ಭಾಗದ) ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಕನ್ನಡದಲ್ಲೇ ಬರೆದದ್ದು, ಮೂರು ಸಾಲು. ಗೇಟು 22. ಮುಳ್ಳುಗಿಡ 31. ಕಂಬ 35. ಕಂಬದ ಆಚೆ ಕೂತ ಮೊಲ ಎಷ್ಟು ಹೊತ್ತು ಬೇಕಾದರೂ ಮೇಯಲಿ, ನಾನು ಕಾಯುತ್ತೇನೆ.